ಒಲೆಗೆ ಸೇರಬೇಕಿದ್ದ ನೋಟ್‌ಬುಕ್ಕುಗಳು: ಸಮಾಜಸೇವಕಿ ಅಜ್ಜಿಯೊಬ್ಬರ ಸ್ಮರಣ ಸಂಚಿಕೆಯ ಪ್ರಕರಣ

ಕರ್ನಾಟಕದ ಬಯಲುಸೀಮೆಯ ಒಂದು ತಾಲೂಕಿನಲ್ಲಿ ಸುಮಾರು ನಲವತ್ತು ವರ್ಷ ಹೆಂಗಸರ ಕಷ್ಟಸುಖಕ್ಕಾಗಿ ಊರೂರು ತಿರುಗಿದ ಹಿರಿಯರೊಬ್ಬರು 2022ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ ತೀರಿಕೊಂಡರು. ವರ್ಷದ ತಿಥಿಯ ಹೊತ್ತಿಗೆ ಅವರ ನೆನಪಿಗೊಂದು ಸಂಚಿಕೆ ತರಬೇಕೆಂದು ಮನೆಯವರು ನಿಶ್ಚಯಿಸಿ, ಹಸ್ತಪ್ರತಿ ತಿದ್ದಿಕೊಡಲು ನನ್ನನ್ನು ಕರೆದರು. ಮೂರು ತಿಂಗಳಲ್ಲಿ ಮುಗಿಯಬೇಕಿದ್ದ ಕೆಲಸ ಹತ್ತೊಂಬತ್ತು ತಿಂಗಳು ಹಿಡಿಯಿತು. ನಾವು ಎಲ್ಲಿ ಎಡವಿದೆವು, ಕೊನೆಗೆ ಅಚ್ಚಾದದ್ದೇನು, ಅಚ್ಚಾಗದೆ ಉಳಿದದ್ದೇನು ಎಂಬುದು ಇಂಥದೇ ಕೆಲಸಕ್ಕೆ ಕೈಹಾಕುವ ಬೇರೆ ಮನೆಗಳವರಿಗೆ ಉಪಯೋಗವಾದೀತೆಂದು, ಮನೆಯವರ ಒಪ್ಪಿಗೆ ಪಡೆದು ಇಲ್ಲಿ ಬರೆಯುತ್ತಿದ್ದೇನೆ. ಊರು, ಹೆಸರಿನ ಮೊದಲಕ್ಷರಗಳು, ಕೆಲವು ಸಂಬಂಧಗಳು ಮತ್ತು ಮನೆಗೆ ಸಂಬಂಧಿಸಿದ ಕೆಲವು ಇಸವಿಗಳನ್ನು ಬದಲಿಸಿದ್ದೇನೆ. ಕಾನೂನು ಮತ್ತು ಸರ್ಕಾರಿ ಯೋಜನೆಗಳ ಇಸವಿಗಳು ಮಾತ್ರ ಇದ್ದ ಹಾಗೆಯೇ ಇವೆ.

ಹಿನ್ನೆಲೆ

ಅಜ್ಜಿ ಓದಿದ್ದು ಏಳನೆಯ ತರಗತಿಯವರೆಗೆ. ಗಂಡ ಪ್ರಾಥಮಿಕ ಶಾಲೆಯ ಮೇಷ್ಟ್ರು. ಅವರು ಬೇಗ ತೀರಿಕೊಂಡರು. ಊರಿನ ಮಹಿಳಾ ಮಂಡಳದ ಬಾಲವಾಡಿಯನ್ನು ನೋಡಿಕೊಳ್ಳುವ ಕೆಲಸಕ್ಕೆ ಅಜ್ಜಿ ಸೇರಿದ್ದು 1964ರಲ್ಲಿ. 1953ರಲ್ಲಿ ದುರ್ಗಾಬಾಯಿ ದೇಶಮುಖರ ಅಧ್ಯಕ್ಷತೆಯಲ್ಲಿ ಸ್ಥಾಪನೆಯಾದ ಕೇಂದ್ರ ಸಮಾಜ ಕಲ್ಯಾಣ ಮಂಡಳಿಯಿಂದ ಆ ಮಂಡಳಕ್ಕೆ ಅಷ್ಟಿಷ್ಟು ಅನುದಾನ ಬರುತ್ತಿತ್ತು; ಅದು ಬಂದ ತಿಂಗಳು ಮಕ್ಕಳಿಗೆ ಉಪ್ಪಿಟ್ಟು, ಬಾರದ ತಿಂಗಳು ಅಜ್ಜಿಯ ಮನೆಯ ರಾಗಿ ಅಂಬಲಿ. ಸಮಗ್ರ ಶಿಶು ಅಭಿವೃದ್ಧಿ ಯೋಜನೆ 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಾಯೋಗಿಕವಾಗಿ ಶುರುವಾದಾಗ ಕರ್ನಾಟಕದಲ್ಲಿ ಅದು ಮೊದಲು ಕಾಲಿಟ್ಟದ್ದು ತಿರುಮಕೂಡಲು ನರಸೀಪುರದಲ್ಲಿ. ಅಜ್ಜಿಯ ತಾಲೂಕಿಗೆ ಅಂಗನವಾಡಿ ಬರುವ ಹೊತ್ತಿಗೆ ಅವರ ವಯಸ್ಸು ನೇಮಕಾತಿಯ ಮಿತಿಯನ್ನು ದಾಟಿತ್ತು. ಹೊಸದಾಗಿ ನೇಮಕವಾದ ಹುಡುಗಿಗೆ ಮಕ್ಕಳನ್ನು ಕೂರಿಸುವುದು, ತೂಗುವುದು, ಲೆಕ್ಕ ಬರೆಯುವುದು ಎಲ್ಲವನ್ನೂ ಕಲಿಸಿಕೊಟ್ಟು ತಾವು ಹೊರಗೆ ಬಂದರು.

ಈ ಸಂಗತಿಗೆ ಮುಂದೆ ಮಹತ್ವ ಬಂತು. ಯಾವ ಇಲಾಖೆಯ ನೌಕರರೂ ಆಗಿರದ ಕಾರಣ ಅವರ ಹೆಸರಿನಲ್ಲಿ ಸೇವಾ ಪುಸ್ತಕವಿರಲಿಲ್ಲ, ಕಡತವಿರಲಿಲ್ಲ, ನಿವೃತ್ತಿಯ ದಿನ ತೆಗೆದ ಗುಂಪು ಫೋಟೊ ಕೂಡ ಇರಲಿಲ್ಲ. ಬಾಲವಾಡಿ ಬಿಟ್ಟ ಮೇಲೆ ಅವರು ಮಾಡಿದ ಕೆಲಸಕ್ಕೆ, ಅಂದರೆ ವಿಧವಾ ವೇತನದ ಅರ್ಜಿ, ಗಂಡ ಬಿಟ್ಟುಹೋದವರ ಕೋರ್ಟು ಅಲೆದಾಟ, ಹೆರಿಗೆ, ಚಿಕ್ಕ ಹುಡುಗಿಯರ ಮದುವೆ ನಿಲ್ಲಿಸುವುದು ಇತ್ಯಾದಿಗಳಿಗೆ, ಇದ್ದ ದಾಖಲೆ ಒಂದೇ: ಉಗ್ರಾಣದ ಅಟ್ಟದ ಮೇಲೆ ಹಳೆಯ ಸೀರೆಯಲ್ಲಿ ಕಟ್ಟಿಟ್ಟಿದ್ದ 27 ನೋಟ್‌ಬುಕ್ಕು.

ಸಮಸ್ಯೆ

ನನ್ನ ಕೈಗೆ ಮೊದಲು ಬಂದದ್ದು ಆ ನೋಟ್‌ಬುಕ್ಕುಗಳಲ್ಲ, 34 ಜನ ಬರೆದುಕೊಟ್ಟಿದ್ದ ನೆನಪಿನ ಬರಹಗಳು. ‘ಅಜ್ಜಿಯ ಬಗ್ಗೆ ನಾಲ್ಕು ಮಾತು ಬರೆದುಕೊಡಿ’ ಎಂದು ಹಿರಿಯ ಮಗ ಎಲ್ಲರನ್ನೂ ಕೇಳಿಕೊಂಡಿದ್ದರು. ಎಲ್ಲರೂ ನಾಲ್ಕು ಮಾತನ್ನೇ ಬರೆದಿದ್ದರು, ಅದೂ ಅವೇ ನಾಲ್ಕು ಮಾತು. ಕರುಣಾಮಯಿ, ತ್ಯಾಗಮಯಿ, ಬಡವರ ಪಾಲಿನ ನಂದಾದೀಪ, ಅವರಿಲ್ಲದ ಊರು ಬಡವಾಯಿತು. ಬರೆದವರ ಪ್ರೀತಿಯಲ್ಲಿ ನನಗೆ ಸಂದೇಹವಿರಲಿಲ್ಲ. ಆದರೆ ಹೆಸರು ತೆಗೆದು ಇನ್ನೊಬ್ಬರ ಹೆಸರು ಹಾಕಿದರೂ ಒಂದಕ್ಷರ ಬದಲಿಸಬೇಕಾಗದಂಥ ಬರಹಗಳಲ್ಲಿ ಅಜ್ಜಿ ಎಲ್ಲಿಯೂ ಇರಲಿಲ್ಲ. ಇದನ್ನು ಹೇಳಿದಾಗ ಹಿರಿಯ ಮಗನಿಗೆ ಬೇಸರವಾಯಿತು, ಮೊಮ್ಮಗಳಿಗೆ ಮಾತ್ರ ಆಗಲಿಲ್ಲ. ಅಟ್ಟದ ಮೇಲಿನ ಗಂಟನ್ನು ಕೆಳಗಿಳಿಸಿದವಳು ಅವಳೇ.

ನೋಟ್‌ಬುಕ್ಕು ಸಿಕ್ಕಿದರೆ ಎಲ್ಲ ಸಿಕ್ಕಿತೆಂದು ನಾವಿಬ್ಬರೂ ಭಾವಿಸಿದ್ದೆವು. ಬಿಚ್ಚಿ ನೋಡಿದರೆ ಅವು ದಿನಚರಿಗಳಾಗಿರಲಿಲ್ಲ, ಖರ್ಚಿನ ಪುಸ್ತಕಗಳಾಗಿದ್ದವು. ತಾರೀಖು, ಒಂದು ಅಕ್ಷರದ ಹೆಸರು, ಹೋದ ಕಚೇರಿ, ಬಸ್ಸಿನ ದುಡ್ಡು, ಅಲ್ಲಲ್ಲಿ ‘ಊಟ ಇಲ್ಲ’, ‘ಸಾಹೇಬರಿಲ್ಲ’, ‘ನಾಳೆ ಬಾ ಅಂದರು’. ಕೆಲವು ಪುಟಗಳ ಕೆಳಗೆ ಹೆಬ್ಬೆಟ್ಟಿನ ಗುರುತು. ಮಂಡಳದ ದುಡ್ಡಿನಿಂದ ಯಾರಿಗಾದರೂ ನಾಲ್ಕಾಣೆ ಕೊಟ್ಟರೂ ಅಜ್ಜಿ ಹೆಬ್ಬೆಟ್ಟು ಒತ್ತಿಸಿಕೊಳ್ಳುತ್ತಿದ್ದರಂತೆ. ತಮ್ಮ ಮನಸ್ಸಿನಲ್ಲಿ ಏನು ನಡೆಯುತ್ತಿತ್ತೆಂಬುದನ್ನು 27 ಪುಸ್ತಕಗಳಲ್ಲಿ ಅವರು ಎಲ್ಲಿಯೂ ಬರೆದಿರಲಿಲ್ಲ. ಒಂದು ಪುಟದ ಹೊರತು, ಅದಕ್ಕೆ ಆಮೇಲೆ ಬರುತ್ತೇನೆ.

ಏನೇನು ಮಾಡಿ ನೋಡಿದೆವು

ಮೊದಲು ಪ್ರಶ್ನೆಗಳನ್ನು ಬದಲಿಸಿದೆವು. ಅಜ್ಜಿ ಎಂಥವರು ಎಂದು ಕೇಳುವುದನ್ನು ಬಿಟ್ಟು, ನಿಮ್ಮ ಮನೆಗೆ ಬಂದಾಗ ಎಲ್ಲಿ ಕೂರುತ್ತಿದ್ದರು, ಕೈಯಲ್ಲಿ ಏನಿರುತ್ತಿತ್ತು, ಹೊರಡುವಾಗ ಏನು ಹೇಳಿ ಹೊರಡುತ್ತಿದ್ದರು ಎಂದು ಮೊಮ್ಮಗಳು ಮನೆ ಮನೆಗೆ ಹೋಗಿ ಕೇಳಿದಳು. ಮೊದಲ ಪ್ರಶ್ನೆಗೆ ಬಂದ ಉತ್ತರಗಳನ್ನು ಒಟ್ಟಿಗೆ ಓದಿದಾಗ ನಾನು ಬೆರಗಾದೆ. ಜಗಲಿಯ ಮೇಲೆ ಕೂತಿದ್ದನ್ನು ನೋಡಿದವರು ಯಾರೂ ಇರಲಿಲ್ಲ. ಎಲ್ಲರೂ ಹೇಳಿದ್ದು ಹಿತ್ತಲು, ಬಚ್ಚಲ ಕಲ್ಲು, ಅಡುಗೆಮನೆಯ ಹಿಂದಿನ ಹೊಸ್ತಿಲು. ಜಗಲಿಯಲ್ಲಿ ಕೂತರೆ ಮನೆಯ ಗಂಡಸರ ಜೊತೆ ಮಾತನಾಡಬೇಕಾಗುತ್ತದೆ, ಹಿತ್ತಲಿಗೆ ಹೋದರೆ ಸೊಸೆಯಂದಿರು ಪಾತ್ರೆ ತಿಕ್ಕುತ್ತಲೇ ಬಾಯಿ ಬಿಡುತ್ತಾರೆ ಎಂಬುದು ಅವರಿಗೆ ಗೊತ್ತಿತ್ತು. ಚೀಲದಲ್ಲಿ ಇರುತ್ತಿದ್ದುದು ಎಲೆಅಡಿಕೆ, ಒಂದು ನೋಟ್‌ಬುಕ್ಕು, ತಗಡಿನ ಇಂಕ್ ಪ್ಯಾಡ್. ನಂದಾದೀಪ ಎಂಬ ಮಾತಿನಲ್ಲಿ ಕಾಣದ ಅಜ್ಜಿ ಬಚ್ಚಲ ಕಲ್ಲಿನ ಮೇಲೆ ಕಂಡರು.

ಎರಡನೆಯ ತೊಡಕು ಕಾಲದ್ದು. ಅನೇಕ ಪುಸ್ತಕಗಳಲ್ಲಿ ತಾರೀಖು ತಿಂಗಳು ಇದ್ದವೇ ಹೊರತು ಇಸವಿ ಇರಲಿಲ್ಲ, ಮತ್ತು ನೆನಪು ಹೇಳಿದವರು ಯಾರೂ ಇಸವಿಯಲ್ಲಿ ನೆನಪಿಟ್ಟವರಲ್ಲ. ಗೇಣಿ ಹೊಲಕ್ಕೆ ಏಳನೇ ನಂಬರ್ ಫಾರಂ ಹಾಕಿದ ಕಾಲ, ಇಂದಿರಾ ಗಾಂಧಿ ಸತ್ತ ವರ್ಷ, ಮಂಡಲ ಪಂಚಾಯಿತಿಗೆ ವೋಟು ನಡೆದದ್ದು ಎಂದು ಅವರ ಲೆಕ್ಕ. ಮೊದಲನೆಯದು 1974ರ ಭೂಸುಧಾರಣೆ ತಿದ್ದುಪಡಿಯ ನಂತರದ ವರ್ಷಗಳು, ಎರಡನೆಯದು 1984, ಮೂರನೆಯದು 1987. ಈ ಮೂರು ಗೂಟಗಳಿಗೆ ಹಗ್ಗ ಕಟ್ಟಿ ಪುಸ್ತಕಗಳನ್ನು ಸಾಲಾಗಿ ಜೋಡಿಸಿದೆವು. 1984ರಲ್ಲಿ ನಿರ್ಗತಿಕ ವಿಧವಾ ವೇತನ ಜಾರಿಗೆ ಬಂದ ಮೇಲಿನ ಪುಸ್ತಕಗಳಲ್ಲಿ ತಾಲೂಕು ಕಚೇರಿಯ ಹೆಸರು ಒಮ್ಮೆಲೇ ಹೆಚ್ಚಾದದ್ದು ಈ ಜೋಡಣೆ ಸರಿಯೆಂಬುದಕ್ಕೆ ಪುರಾವೆಯಾಯಿತು.

ಜೋಡಣೆ ಸರಿಯಾದರೂ ಓದು ತಪ್ಪಬಹುದು ಎಂಬುದು ಮುಂದೆ ಗೊತ್ತಾಯಿತು. ಹನ್ನೊಂದು ಕಡೆ ‘125’ ಎಂಬ ಅಂಕಿ ಇತ್ತು: ‘ಸೋ. 125 ಹಾಕಿದ್ದು’, ‘ಗಂ. 125 ಮುಂದಕ್ಕೆ ಹೋಯಿತು’. ಬ್ಯಾಂಕಿನಲ್ಲಿದ್ದು ನಿವೃತ್ತರಾದ ಹಿರಿಯ ಮಗ ಅದನ್ನು ರೂಪಾಯಿ ಎಂದು ಓದಿ, ಕೂಡಿ, ತಾಯಿ ತಮ್ಮ ಕೈಯಿಂದಲೇ ಹನ್ನೊಂದು ಜನ ನಿರಾಶ್ರಿತೆಯರಿಗೆ ಒಟ್ಟು 1,375 ರೂಪಾಯಿ ದಾನ ಮಾಡಿದರೆಂದು ಮುನ್ನುಡಿಯಲ್ಲಿ ಬರೆದಿದ್ದರು. ನನಗೂ ಅದು ಸರಿಯೆಂದೇ ತೋರಿತ್ತು. ತಾಲೂಕು ಕೋರ್ಟಿನ ಮುಂದೆ ಅರ್ಜಿ ಬೆರಳಚ್ಚು ಮಾಡುತ್ತಿದ್ದ ವೃದ್ಧರೊಬ್ಬರನ್ನು ಬೇರೆ ವಿಷಯಕ್ಕಾಗಿ ಕಂಡಾಗ, ಅವರು ಆ ಸಾಲನ್ನು ನೋಡಿ ನಕ್ಕುಬಿಟ್ಟರು. ಅದು ದುಡ್ಡಲ್ಲ, ಕಲಮು. 1974ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ದಂಡ ಪ್ರಕ್ರಿಯಾ ಸಂಹಿತೆಯ 125ನೆಯ ಕಲಮಿನಡಿ, ಗಂಡ ಬಿಟ್ಟುಹೋದ ಹೆಂಡತಿ ಜೀವನಾಂಶ ಕೇಳಿ ಮ್ಯಾಜಿಸ್ಟ್ರೇಟರ ಮುಂದೆ ಹೋಗಬಹುದಾಗಿತ್ತು. ಎಷ್ಟೇ ಗೆದ್ದರೂ ತಿಂಗಳಿಗೆ 500 ರೂಪಾಯಿಗಿಂತ ಹೆಚ್ಚು ಸಿಗುವಂತಿರಲಿಲ್ಲ. ಆ ಮಿತಿಯನ್ನು ತೆಗೆದುಹಾಕಿದ್ದು 2001ರಲ್ಲಿ. ಏಳನೆಯ ತರಗತಿ ಓದಿದ ಅಜ್ಜಿ ಕಲಮಿನ ಸಂಖ್ಯೆಯನ್ನು ಪಕ್ಕದ ಮನೆಯವರ ಹೆಸರಿನಂತೆ ಬಳಸುತ್ತಿದ್ದರು. ದಾನಿಯೊಬ್ಬರ ಚಿತ್ರ ಹೀಗೆ ಒಂದೇ ಮಧ್ಯಾಹ್ನದಲ್ಲಿ ಕೋರ್ಟಿನ ಬೆಂಚಿನ ಮೇಲೆ ಕಾಯುತ್ತ ಕೂತ ಹೆಂಗಸಿನ ಚಿತ್ರವಾಯಿತು. ಮುನ್ನುಡಿಯನ್ನು ಹೊಸದಾಗಿ ಬರೆಯಬೇಕಾಯಿತು.

ಮನೆಯಲ್ಲಿ ಗಟ್ಟಿಯಾಗಿ ಬೇರೂರಿದ್ದ ಇನ್ನೊಂದು ಕಥೆಯೂ ಇಂಥದೇ. ಹೆಂಗಸರಿಗೆ ನೂರಕ್ಕೆ 25 ಸ್ಥಾನ ಮೀಸಲಿಟ್ಟ 1983ರ ಕಾಯ್ದೆಯಡಿ 1987ರಲ್ಲಿ ಮಂಡಲ ಪಂಚಾಯಿತಿ ಚುನಾವಣೆ ನಡೆದಾಗ ಅಜ್ಜಿ ಗೆದ್ದು ಸದಸ್ಯೆಯಾಗಿದ್ದರೆಂದು ಮಕ್ಕಳು ನಂಬಿದ್ದರು. ಪುಸ್ತಕದಲ್ಲಿದ್ದುದು ‘ಹ. ನಿಂತಳು, ನಾನು ಸೂಚಕಿ’ ಎಂಬ ಒಂದು ಸಾಲು ಮಾತ್ರ. ಅವರು ನಿಂತೇ ಇರಲಿಲ್ಲ, ಇನ್ನೊಬ್ಬಾಕೆಯನ್ನು ನಿಲ್ಲಿಸಿದ್ದರು.

ಹಿರಿಯ ಮಗಳು

ಇಷ್ಟಾಗುವಾಗಲೂ ಒಬ್ಬರು ಮಾತ್ರ ಏನನ್ನೂ ಬರೆದುಕೊಟ್ಟಿರಲಿಲ್ಲ, ಅಜ್ಜಿಯ ಹಿರಿಯ ಮಗಳು. ಎರಡು ಸಲ ಕೇಳಿದ ಮೇಲೆ ಅವರು ಹೇಳಿದ್ದು ಇಷ್ಟೇ: ‘ಊರಲ್ಲಿರೋ ಹುಡುಗೀರ ಮದುವೆ ಎಲ್ಲ ನಿಲ್ಲಿಸಿದರು. ನನ್ನದನ್ನ ತಾವೇ ಮಾಡಿದರು.’

1974ರಲ್ಲಿ, ಹದಿನಾರನೆಯ ವಯಸ್ಸಿಗೆ, ಶಾಲೆ ಬಿಡಿಸಿ ಅವರ ಮದುವೆ ಮಾಡಲಾಗಿತ್ತು. ಹಿರಿಯ ಮಗ ಕಾನೂನು ತೆಗೆದು ತೋರಿಸಿದರು. 1929ರ ಬಾಲ್ಯವಿವಾಹ ತಡೆ ಕಾಯ್ದೆಯಲ್ಲಿ ಹೆಣ್ಣಿನ ವಯಸ್ಸು 14 ಇದ್ದದ್ದು 1949ರಲ್ಲಿ 15 ಆಯಿತು, 18 ಆದದ್ದು 1978ರ ತಿದ್ದುಪಡಿಯಿಂದ; ಹಾಗಾಗಿ 1974ರಲ್ಲಿ ಆ ಮದುವೆ ಕಾನೂನಿಗೆ ವಿರುದ್ಧವಾಗಿರಲಿಲ್ಲ. ಅವರು ಹೇಳಿದ್ದು ನಿಜ. ಆದರೆ ಅಕ್ಕ ಕೇಳಿದ ಪ್ರಶ್ನೆ ಕಾನೂನಿನದಾಗಿರಲಿಲ್ಲ, ಆದ್ದರಿಂದ ಆ ಉತ್ತರ ಆಕೆಗೆ ತಲುಪಲೂ ಇಲ್ಲ. ಆಕೆಯ ಮಾತನ್ನು ಸಂಚಿಕೆಯಿಂದ ಬಿಡುವುದೇ ಮರ್ಯಾದೆ ಎಂದು ಮನೆಯ ಹೆಚ್ಚಿನವರು ಹೇಳಿದರು. ಬಿಟ್ಟರೆ ನಾನು ಈ ಕೆಲಸದಲ್ಲಿ ಮುಂದುವರಿಯಲಾರೆ ಎಂದೆ. ಇಂಥ ಪಟ್ಟು ಹಿಡಿಯುವುದು ಹೊರಗಿನಿಂದ ಬಂದ ಸಂಪಾದಕನಿಗೆ ಸಲ್ಲದು ಎಂಬ ಆಕ್ಷೇಪವನ್ನು ಈಗಲೂ ಒಪ್ಪುತ್ತೇನೆ, ಆದರೂ ಮತ್ತೆ ಅಂಥ ಸಂದರ್ಭ ಬಂದರೆ ಬಹುಶಃ ಅದನ್ನೇ ಹೇಳುತ್ತೇನೆ.

ಆ ದಿನಗಳಲ್ಲೇ ಮೊಮ್ಮಗಳಿಗೆ ನಾನು ಮೇಲೆ ಹೇಳಿದ ಪುಟ ಸಿಕ್ಕಿತು. 1979ರಿಂದ ಅಜ್ಜಿ ತಾವು ನಿಲ್ಲಿಸಿದ ಅಥವಾ ನಿಲ್ಲಿಸಲು ಹೋಗಿ ಸೋತ ಮದುವೆಗಳ ಲೆಕ್ಕವಿಟ್ಟಿದ್ದರು: ಹುಡುಗಿಯ ಹೆಸರಿನ ಮೊದಲಕ್ಷರ, ವಯಸ್ಸು, ಆಯಿತು ಅಥವಾ ಇಲ್ಲ. ಒಂದು ಕಡೆ 16 ವರ್ಷದ ಹುಡುಗಿಯ ಹೆಸರಿನ ಮುಂದೆ ‘ಇಲ್ಲ’ ಎಂದಿತ್ತು. ಅದರ ಕೆಳಗೆ, ಯಾವ ಲೆಕ್ಕಕ್ಕೂ ಸೇರದಂತೆ, ತಮ್ಮ ಹಿರಿಯ ಮಗಳ ಹೆಸರನ್ನು ಪೂರ್ತಿಯಾಗಿ ಬರೆದು ನಿಲ್ಲಿಸಿಬಿಟ್ಟಿದ್ದರು. ಆ ಪುಟವನ್ನು ಮಗಳಿಗೆ ತೋರಿಸಿದಾಗ ಅವರು ಏನೂ ಹೇಳಲಿಲ್ಲ. ಎರಡು ವಾರದ ನಂತರ ಎರಡು ಪುಟ ಬರೆದು ಕಳಿಸಿ, ಒಂದು ಷರತ್ತು ಹಾಕಿದರು: ಇದನ್ನು ತಿದ್ದಬಾರದು, ಇದರ ಪಕ್ಕದಲ್ಲಿ ಇದಕ್ಕೆ ಸಮಾಧಾನ ಹೇಳುವ ಇನ್ನೊಂದು ಬರಹ ಇರಬಾರದು. ಸಂಚಿಕೆಯಲ್ಲಿ ಒಂದು ಅಲ್ಪವಿರಾಮವನ್ನೂ ನಾನು ಸೇರಿಸದೆ ಬಿಟ್ಟ ಬರಹ ಅದೊಂದೇ.

ತಿರುವು

ಕೆಲಸ ಮುಗಿಯುತ್ತ ಬಂದಿತ್ತು. ಹಳೆಯ ಅಕ್ಷರ ಎಷ್ಟು ಚೆಂದವಿದೆ ನೋಡಿ ಎಂದು ಮನೆಯವರೊಬ್ಬರು ಮೂರು ಪುಟಗಳ ಚಿತ್ರ ತೆಗೆದು ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದರು. ಅದರಲ್ಲಿ ಪೂರ್ಣ ಹೆಸರು ಯಾವುದೂ ಇರಲಿಲ್ಲ. ಗುಂಪಿನಿಂದ ಗುಂಪಿಗೆ ದಾಟಿ ಆ ಚಿತ್ರ ಎಂಟು ದಿನಗಳಲ್ಲಿ ಯಾರ ಬದುಕಿನ ವಿಷಯ ಆ ಪುಟದಲ್ಲಿತ್ತೋ ಅವರ ಸೊಸೆಯ ಫೋನಿಗೆ ತಲುಪಿತು. ಮೊದಲಕ್ಷರ, ಊರಿನ ದಿಕ್ಕು, ಮತ್ತು ಆ ಕಾಲಕ್ಕೆ ಆ ಊರಿನಲ್ಲಿ ಒಂದೇ ಮನೆಯಲ್ಲಿದ್ದ ಒಂದು ವಸ್ತು. ಈ ಮೂರೂ ಸೇರಿದರೆ ಹೆಸರೇ ಬೇಕಾಗಿರಲಿಲ್ಲ. ಪುಟದಲ್ಲಿ ಏನಿತ್ತು, ಆ ವಸ್ತು ಯಾವುದು ಎಂಬುದನ್ನು ನಾನು ಇಲ್ಲಿಯೂ ಬರೆಯುವುದಿಲ್ಲ.

ಎಪ್ಪತ್ತು ದಾಟಿದ ಆ ಹೆಂಗಸು ಬಸ್ಸು ಹತ್ತಿ ಮನೆಗೆ ಬಂದರು. ಬೈಯಲಿಲ್ಲ. ಕೊಟ್ಟ ನೀರನ್ನು ಕುಡಿದು, ‘ನಾನು ಹೇಳಿದ್ದು ಅಮ್ಮನಿಗೆ, ನಿಮಗಲ್ಲ’ ಎಂದರು.

ಅವರು ಹೋದ ಮೇಲೆ, ಅಲ್ಲಿಯವರೆಗೆ ಯಾವ ಸಭೆಯಲ್ಲಿಯೂ ಮಾತನಾಡದಿದ್ದ ಕಿರಿಯ ಸೊಸೆ ಒಂದು ವಿಷಯ ಹೇಳಿದರು. ಕೊನೆಯ ಹತ್ತು ವರ್ಷ ಅಜ್ಜಿಯನ್ನು ನೋಡಿಕೊಂಡವರು ಅವರು. ಕಣ್ಣು ಮಂಜಾಗಿ ಬರೆಯುವುದನ್ನು ಬಿಟ್ಟ ಮೇಲೆ ಅಜ್ಜಿ ಅವರನ್ನು ಕರೆದು, ‘ನಾನು ಹೋದ ಮೇಲೆ ಈ ಗಂಟನ್ನ ಬಚ್ಚಲ ಒಲೆಗೆ ಹಾಕು, ಬಿಚ್ಚಿ ನೋಡಬೇಡ’ ಎಂದಿದ್ದರು. ಸೊಸೆ ಬಿಚ್ಚಿ ನೋಡಲಿಲ್ಲ, ಒಲೆಗೆ ಹಾಕಲು ಕೈಯೂ ಬರಲಿಲ್ಲ. ಗಂಟು ಅಟ್ಟ ಸೇರಿತು.

ಹತ್ತು ತಿಂಗಳಿಂದ ನಾವು ಅಜ್ಜಿಯ ನೆನಪನ್ನು ಉಳಿಸುತ್ತಿದ್ದೇವೆಂದು ಅಂದುಕೊಂಡದ್ದು, ಅವರು ಬದುಕಿಡೀ ಕಾಪಾಡಿದ್ದನ್ನು ಕೆಡಿಸುವ ಕೆಲಸವೂ ಆಗಿತ್ತು ಎಂಬುದು ಆ ಸಂಜೆ ನಮಗೆ ಅರ್ಥವಾಯಿತು. ಸಮಾಜಸೇವಕಿಯ ಬದುಕು ಎಂದು ಪ್ರತ್ಯೇಕವಾಗಿ ಏನೂ ಇರುವುದಿಲ್ಲ, ಅದರ ಬಹುಪಾಲು ಬೇರೆಯವರ ಗುಟ್ಟುಗಳಿಂದಲೇ ಆಗಿರುತ್ತದೆ. ಆ ಗುಟ್ಟುಗಳನ್ನು ತೆಗೆದರೆ ಹೇಳಲು ಏನು ಉಳಿಯುತ್ತದೆ ಎಂಬುದೇ ನಿಜವಾದ ಸಮಸ್ಯೆಯಾಗಿತ್ತು, ನಾವು ಅದನ್ನು ವಿಶೇಷಣಗಳ ಸಮಸ್ಯೆ ಎಂದು ತಿಳಿದು ಹೊರಟಿದ್ದೆವು.

ತೀರ್ಮಾನಗಳು ಮತ್ತು ಪರಿಣಾಮ

ಆಮೇಲೆ ನಾಲ್ಕು ತಿಂಗಳು ಹಿಡಿದದ್ದು ಬರವಣಿಗೆಗಲ್ಲ, ಜಗಳಕ್ಕೆ. ಪುಸ್ತಕಗಳನ್ನು ತಕ್ಷಣ ಸುಡಬೇಕೆಂದವರಿದ್ದರು, ಎಲ್ಲ ಹೆಸರು ಬದಲಿಸಿ ಅಚ್ಚುಹಾಕೋಣ ಎಂದವರಿದ್ದರು. ಇಬ್ಬರು ಮೂವರ ಕಥೆ ಕಲಸಿ ಒಬ್ಬಳ ಕಥೆ ಮಾಡೋಣ ಎಂಬ ಸಲಹೆ ನನ್ನದೇ ಆಗಿತ್ತು. ಹಾಗೆ ಮಾಡಿದರೆ ಅಜ್ಜಿ ಮಾಡದ ಕೆಲಸವನ್ನು ಅಜ್ಜಿ ಮಾಡಿದರೆಂದು ಬರೆದ ಹಾಗಾಗುತ್ತದೆ ಎಂದು ಮೊಮ್ಮಗಳು ಅದನ್ನು ತಳ್ಳಿಹಾಕಿದಳು, ಅವಳು ಹೇಳಿದ್ದೇ ಸರಿ.

ಕೊನೆಗೆ ಒಪ್ಪಿಗೆಯಾದದ್ದು ಹೀಗೆ. ಪ್ರತಿ ಪ್ರಸಂಗದಲ್ಲಿ ಅಜ್ಜಿಯ ಕಡೆಯದನ್ನು ಮಾತ್ರ ಬರೆಯುವುದು. ಆ ಹೆಂಗಸಿಗೆ ಏನಾಗಿತ್ತು ಎಂಬುದು ಅವಳದು. ಅದಕ್ಕಾಗಿ ಅಜ್ಜಿ ಎಷ್ಟು ಸಲ ಹೋದರು, ಎಷ್ಟು ದೂರ ನಡೆದರು, ಯಾವ ಬೆಂಚಿನ ಮೇಲೆ ಎಷ್ಟು ಹೊತ್ತು ಕೂತರು ಎಂಬುದು ಅಜ್ಜಿಯದು. ಪುಟಗಳ ಚಿತ್ರ ಒಂದನ್ನೂ ಅಚ್ಚಿಸಬಾರದು, ಏಕೆಂದರೆ ಹೆಬ್ಬೆಟ್ಟಿನ ಗುರುತು ಹೆಸರಿಗಿಂತ ಖಚಿತವಾದ ಗುರುತು. ಬದುಕಿರುವವರ ಒಪ್ಪಿಗೆಯನ್ನು ಒಂದು ತಿಂಗಳ ಅಂತರದಲ್ಲಿ ಎರಡು ಸಲ ಕೇಳಬೇಕು, ಮನೆಯ ಇತರರ ಎದುರಿಗೆ ಕೇಳಬಾರದು. ಈ ಎರಡನೆಯ ಸಲದ ನಿಯಮ ಅತಿಯಾಯಿತೆಂದು ನನಗೆ ಅನ್ನಿಸಿತ್ತು. ಮೊದಲ ಸಲ ಐವರು ಒಪ್ಪಿದ್ದರು. ಎರಡನೆಯ ಸಲಕ್ಕೆ ಇಬ್ಬರು ಹಿಂದೆಗೆದರು. ದೊಡ್ಡವರ ಮನೆಯ ಮೊಮ್ಮಗಳು ಬಂದು ಕೇಳಿದಾಗ ಇಲ್ಲವೆನ್ನಲು ಬಾಯಿ ಬಾರದೆ ಹೂಂ ಎಂದಿದ್ದೆವು ಎಂದು ಅವರು ಹೇಳಿದರು. ಕೇಳುವವರ ಮೇಲಿನ ಗೌರವವೇ ಒಪ್ಪಿಗೆಯ ವೇಷ ಹಾಕಿಕೊಂಡು ಬರುತ್ತದೆ ಎಂಬುದನ್ನು ಇಂಥ ಕೆಲಸ ಮಾಡುವವರು ಲೆಕ್ಕಕ್ಕೆ ಹಿಡಿಯಬೇಕು.

ತೀರಿಕೊಂಡವರ ವಿಷಯದಲ್ಲಿ ನಮಗೆ ಒಮ್ಮತ ಬರಲಿಲ್ಲ. ಅವರ ಪರವಾಗಿ ಮಕ್ಕಳು ಒಪ್ಪಿಗೆ ಕೊಡುವಂತಿಲ್ಲ, ಹಲವು ಸಲ ಯಾರಿಂದ ಮುಚ್ಚಿಡಬೇಕಿತ್ತೋ ಅವರೇ ಆ ಮಕ್ಕಳು. ಆ ಪುಟಗಳನ್ನೂ ಬಿಟ್ಟೆವು. ಇದರಿಂದ ಆದ ನಷ್ಟ ಸಣ್ಣದಲ್ಲ ಎಂದು ನಾನು ಈಗಲೂ ಭಾವಿಸುತ್ತೇನೆ. ಒಂದು ತಾಲೂಕಿನ ಹನ್ನೊಂದು ಹೆಂಗಸರು ಆ ಕಾಲದಲ್ಲಿ ಕೋರ್ಟಿನ ಮೆಟ್ಟಿಲು ಹತ್ತಿದ ಬಗೆ ಬೇರೆ ಎಲ್ಲಿಯೂ ದಾಖಲಾಗಿರಲಾರದು, ಅದನ್ನು ನಾವು ತಿಳಿದೂ ತಿಳಿದೂ ಕೈಬಿಟ್ಟೆವು.

ಅಚ್ಚಾದ ಸಂಚಿಕೆ 72 ಪುಟದ್ದು. ಅದರಲ್ಲಿ ಅತಿ ಉದ್ದದ ಬರಹ ಒಂದು ವಿಧವಾ ವೇತನದ ಅರ್ಜಿಗಾಗಿ ಅಜ್ಜಿ ಹದಿನಾಲ್ಕು ಸಲ ತಾಲೂಕು ಕಚೇರಿಗೆ ಹೋಗಿಬಂದದ್ದರ ವಿವರ. ಅರ್ಜಿ ಯಾರದೆಂದು ಅದರಲ್ಲಿಲ್ಲ. ಪ್ರತಿ ಸಲದ ತಾರೀಖು, ಬಸ್ ಚಾರ್ಜು, ಕಚೇರಿಯಲ್ಲಿ ಸಿಕ್ಕ ಉತ್ತರ ಮಾತ್ರ ಇವೆ, ಹದಿನಾಲ್ಕನೆಯ ಸಾಲಿನಲ್ಲಿ ‘ಆಯಿತು’ ಎಂಬ ಒಂದೇ ಪದ. ಓದಿದ ಅನೇಕರು ಇದೇ ಬರಹವನ್ನು ಎತ್ತಿ ಹೇಳಿದರು. ಹಿರಿಯ ಮಗಳ ಬರಹದ ಬಗ್ಗೆ ಯಾರೂ ಅವರೆದುರು ಮಾತನಾಡಲಿಲ್ಲ, ಆದರೆ ಆ ವರ್ಷದ ತಿಥಿಗೆ ಅವರು ಬಂದಿದ್ದರು, ಹಿಂದಿನ ವರ್ಷ ಬಂದಿರಲಿಲ್ಲ.

ಮತ್ತೆ ಇಂಥ ಕೆಲಸಕ್ಕೆ ಕರೆ ಬಂದರೆ ನಾನು ಮೊದಲು ಕೇಳುವುದು ಕಾಗದಪತ್ರ ಎಲ್ಲಿವೆ ಎಂದಲ್ಲ, ಅವುಗಳ ಬಗ್ಗೆ ಹೋದವರು ಏನಾದರೂ ಹೇಳಿದ್ದರೇ, ಹೇಳಿದ್ದರೆ ಯಾರಿಗೆ ಎಂದು. ಆ ಮಾತು ಸಾಮಾನ್ಯವಾಗಿ ಭಾಷಣ ಮಾಡುವವರಿಗೆ ಗೊತ್ತಿರುವುದಿಲ್ಲ, ಕೊನೆಯ ದಿನಗಳಲ್ಲಿ ತಲೆ ಬಾಚಿದವರಿಗೆ ಗೊತ್ತಿರುತ್ತದೆ. ಈ ಪ್ರಕರಣದಲ್ಲಿ ಕಿರಿಯ ಸೊಸೆಯನ್ನು ಮೊದಲ ದಿನವೇ ಕೂರಿಸಿ ಕೇಳಿದ್ದರೆ ವಾಟ್ಸ್ಆ್ಯಪ್‌ನ ಅನಾಹುತ ತಪ್ಪುತ್ತಿತ್ತು. ಅವರು ಪ್ರತಿ ಸಭೆಗೂ ಕಾಫಿ ತಂದುಕೊಟ್ಟು ಹೋಗುತ್ತಿದ್ದರು, ನಾವು ಯಾರೂ ಅವರನ್ನು ಕೂರಲು ಹೇಳಿರಲಿಲ್ಲ. ಹಿತ್ತಲಿನಲ್ಲಿ ಕೂತು ಸೊಸೆಯಂದಿರ ಮಾತು ಕೇಳಿದ ಹೆಂಗಸಿನ ಬಗ್ಗೆ ನಾವು ಜಗಲಿಯಲ್ಲಿ ಕೂತು ಪುಸ್ತಕ ಮಾಡುತ್ತಿದ್ದೆವು.

ನೋಟ್‌ಬುಕ್ಕುಗಳು ಈಗ ಕಿರಿಯ ಸೊಸೆಯ ವಶದಲ್ಲಿವೆ. ಬದುಕಿರುವವರಲ್ಲಿ ಯಾರಾದರೂ ತಮ್ಮ ಪುಟ ಬೇಕೆಂದರೆ ಹರಿದು ಕೊಡುವುದು, ಉಳಿದದ್ದನ್ನು ಏನು ಮಾಡಬೇಕೆಂಬುದು ಅವರೊಬ್ಬರ ತೀರ್ಮಾನಕ್ಕೆ ಬಿಟ್ಟದ್ದು ಎಂದು ಮನೆಯವರೆಲ್ಲ ಒಪ್ಪಿದ್ದಾರೆ. ಅಂದು ಬಸ್ಸು ಹತ್ತಿ ಬಂದಿದ್ದ ಹೆಂಗಸು ಇನ್ನೊಮ್ಮೆ ಬಂದು ತಮ್ಮ ಪುಟವನ್ನು ಕೇಳಿ ಪಡೆದರು. ಓದಲು ಬಾರದ ಅವರು ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಕೆಳಗಿದ್ದ ತಮ್ಮ ಹೆಬ್ಬೆಟ್ಟಿನ ಗುರುತಿನ ಮೇಲೆ ಹೆಬ್ಬೆಟ್ಟನ್ನು ಇಟ್ಟು ನೋಡಿದರು. ಆಮೇಲೆ ನಾಲ್ಕಾಗಿ ಮಡಿಸಿ ಎಲೆಅಡಿಕೆ ಚೀಲದಲ್ಲಿ ಹಾಕಿಕೊಂಡು, ಕೊನೆಯ ಬಸ್ಸು ಎಷ್ಟು ಗಂಟೆಗೆ ಎಂದು ಕೇಳಿದರು.